ಪಿಸುಮಾತಿನ ತುತ್ತು

ಜೂನ್ ೬

ತಂಗಿಗೆ,

ಪತ್ರವೆಂದ ಮೇಲೆ 'ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ' ಎಂದು ಪರದೆ ಎತ್ತಬೇಕು. ಎತ್ತುವುದಿಲ್ಲ. ಕ್ಷೇಮವೆಂಬ ಪಾತ್ರಧಾರಿ ಈ ರಂಗಕ್ಕೆ ಬಂದೇ ಇಲ್ಲ.

ನನ್ನ ತಮ್ಮ, ನಿನ್ನ ಚಿಕ್ಕಣ್ಣ, ಹೋದ. ಪಕ್ಕದ ಮನೆಯವರು ನಿನಗೆ ಫೋನ್ ಮಾಡಿ ತಿಳಿಸಿದ್ದು ಗೊತ್ತು. ನೀನು ಬರಲಿಲ್ಲವೆಂಬುದೂ ಗೊತ್ತು. ಅವನ ಕೋಣೆ ನನ್ನ ಮನೆಯಿಂದ ಎರಡು ಬೀದಿ ಆಚೆ. ನಾನಾದರೂ ಅವನು ಬದುಕಿದ್ದಾಗ ಅಲ್ಲಿಗೆ ಹೋಗಿರಲಿಲ್ಲ. ಹಾಗಾಗಿ ಆ ವಿಷಯದಲ್ಲಿ ನಿನ್ನನ್ನು ಕೇಳುವ ಬಾಯಿ ನನಗಿಲ್ಲ. ಮಣ್ಣು ಮಾಡಿ ಬಂದೆವು. ನಮ್ಮ ನಾಟಕ ಕಂಪನಿಯ ಬಣ್ಣದ ಮಂದಿಯಲ್ಲಿ ಬಂದವರು ದೀಪದವನೊಬ್ಬನೇ.

ಮಲಗಿದ್ದಲ್ಲೇ ಎದೆ ನಿಂತಿತಂತೆ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಅವನ ನಾಯಿಯೂ ಇತ್ತು. ಮನೆ ಒಡತಿ ಅಂದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಗಂಟಲಿಗೆ ಅದು ಒಗ್ಗುವುದಿಲ್ಲ. "ಬೊಗಳ್ತಾನೇ ಇತ್ತು ಕಣ್ರೀ. ಆಮೇಲೆ ನಿಂತೋಯ್ತು. ಸದ್ಯ, ಸುಮ್ಮನಾಯ್ತಲ್ಲ ಅಂದ್ಕೊಂಡೆ."

ಬಾಗಿಲು ಒಡೆದಾಗ ಆ ಮೂಕಪ್ರಾಣಿ ಅವನ ಕಾಲ ಬಳಿ ಚಪ್ಪಲಿಯ ಮೇಲೆ ತಲೆಯಿಟ್ಟು ಬಿದ್ದಿತ್ತು. ತೊಟ್ಟಿಕ್ಕುವ ನಲ್ಲಿಯ ಕೆಳಗೊಂದು ಬಕೆಟ್ಟು ಇತ್ತು. ಜೀವ ಉಳಿಸಿದ್ದು ಅದು. ಬ್ರೆಡ್ಡಿನ ತಗಡಿನ ಡಬ್ಬಿಯ ಮುಚ್ಚಳದ ಸುತ್ತ ಹಲ್ಲಿನ ಗುರುತು. ತೆರೆಯಲು ಬಂದಿಲ್ಲ. ತಮ್ಮನನ್ನು ಅದು ಮುಟ್ಟಿರಲಿಲ್ಲ. ಒಳಗೆ ಕಾಲಿಟ್ಟವರೆಲ್ಲ ಮೊದಲು ನೋಡಿದ್ದು ಅದನ್ನೇ, ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳದ ಪ್ರಶ್ನೆಗೆ ನಾನೇ ಉತ್ತರ ಬರೆದಿದ್ದೇನೆ.

ಅವನು ಸಾವಿರ ಜನರೆದುರು ನನ್ನ ಮರ್ಯಾದೆ ತೆಗೆದವನು, ನಿಜ. ಆದರೆ ಶತ್ರುವಿನ ಕುದುರೆಯನ್ನು ಹಸಿದು ಸಾಯಲು ಬಿಟ್ಟ ರಾಜನ ಪಾತ್ರವನ್ನು ನಾನು ಯಾವತ್ತೂ ಮಾಡಿಲ್ಲ. ಎತ್ತಿಕೊಂಡು ಬಂದೆ. ಎತ್ತಿದ್ದು ನಾಯಿಯನ್ನೋ, ಕೊಡೆಯನ್ನೋ ಎಂದು ತೋಳಿಗೆ ಅನುಮಾನ ಬಂತು. ಅಷ್ಟು ಎಲುಬು, ಅಷ್ಟೇ ಬಟ್ಟೆ.

ಬಂದವನೇ ಒಂದಿಡೀ ಕೋಳಿ ಬೇಯಿಸಿದೆ. ಪಾತ್ರೆ ತುಂಬ ಹಾಲು, ಮೇಲೆ ಬ್ರೆಡ್ಡು. ಉಣ್ಣು ಮಹಾರಾಯ, ಇದು ಅರಮನೆ ಎಂದೆ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಎಲ್ಲ ಖಾಲಿ. ನನ್ನ ಎದೆ ಉಬ್ಬಿತು. ಸಂಜೆಗೆ ಕಾಲು ನಡುಗತೊಡಗಿತು. ಕಾರಿತು. ಎದ್ದು ನಿಲ್ಲಲು ಹೋಗಿ ಮಂಡಿ ಮಡಚಿ ಬಿತ್ತು. ಈಗ ಗಾಜಿನ ಗೋಲಿಯಂಥ ಕಣ್ಣು ತೆರೆದು ಗೋಡೆ ನೋಡುತ್ತಿದೆ.

ನೀನು ಪ್ರಾಣಿಗಳ ಆಸ್ಪತ್ರೆಯ ನರ್ಸು. ಏನು ಮಾಡಲಿ, ಬರೆ. ಫೋನು ಬೇಡ. ಈಗೀಗ ನನ್ನ ಕಿವಿ ಸ್ವಲ್ಪ ಮಂದ, ಅದರಲ್ಲಿ ನಿನ್ನ ಮಾತು ಇರುವೆ ನಡೆದಂತಿರುತ್ತದೆ. ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು.

ಇಂತಿ,
ದೊಡ್ಡಣ್ಣ


ಜೂನ್ ೭

ಅಣ್ಣಾ,

ಡ್ರೈವರ್ ಬಸ್ಸು ತಿರುಗಿಸುವಷ್ಟರಲ್ಲಿ ಬರೆಯುತ್ತಿದ್ದೇನೆ. ಓದಿ ಮುಗಿಸುವ ಮೊದಲೇ ನಾಯಿಯನ್ನು ನಿಮ್ಮೂರಿನ ಡಾಕ್ಟರ ಹತ್ತಿರ ಒಯ್ಯಿ. 'ಬಹಳ ದಿನ ಉಪವಾಸ ಇದ್ದದ್ದು, ಒಂದೇ ಸಲ ತಿಂದಿದೆ' ಎಂದಷ್ಟೇ ಹೇಳು. ಅವರಿಗೆ ಅರ್ಥವಾಗುತ್ತದೆ. ರಕ್ತ ನೋಡಿ ಸೂಜಿ, ಡ್ರಿಪ್ಪು ಕೊಡುತ್ತಾರೆ.

ಹಸಿವಿನಿಂದ ಒಣಗಿದ ಮೈಗೆ ಊಟವೇ ವಿಷ. ಉಪವಾಸದಲ್ಲಿ ದೇಹ ತನ್ನನ್ನೇ ತಿಂದುಕೊಂಡು ನಡೆದಿರುತ್ತದೆ. ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿ ಅಳಿದುಳಿದ ಲವಣಗಳೆಲ್ಲ ಅದನ್ನು ಅರಗಿಸುವುದಕ್ಕೇ ಓಡುತ್ತವೆ. ಎದೆಗೆ, ಸ್ನಾಯುವಿಗೆ ಏನೂ ಉಳಿಯುವುದಿಲ್ಲ. ಹಸಿವಿನಿಂದ ಸಾಯದ ನಾಯಿ ಪ್ರೀತಿಯ ಕೈಯಿಂದ ಸತ್ತದ್ದನ್ನು ಇಲ್ಲಿ ನಾನು ನೋಡಿದ್ದೇನೆ.

ಡಾಕ್ಟರು ಮನೆಗೆ ಕಳಿಸಿದ ಮೇಲೆ ಹೀಗೆ ಮಾಡು. ಅದರ ಹೊಟ್ಟೆ ತುಂಬುವಷ್ಟರಲ್ಲಿ ಕಾಲು ಭಾಗ ಮಾತ್ರ ದಿನವೊಂದಕ್ಕೆ. ಅದನ್ನೂ ಚಿಕ್ಕ ಚಿಕ್ಕ ತುತ್ತಾಗಿ ದಿನವಿಡೀ ಹಂಚಿ ಹಾಕು. ಬೇಯಿಸಿದ ಮೊಟ್ಟೆ, ಚರ್ಮ ಮೂಳೆ ತೆಗೆದ ಕೋಳಿ, ಡಾಕ್ಟರು ಕೊಡುವ ಡಬ್ಬಿ ಊಟ. ಬ್ರೆಡ್ಡು ಬೇಡ, ಹಾಲು ಬೇಡ, ಉಪ್ಪು ಬೇಡ. ಅದು ಇನ್ನೂ ಬೇಕೆಂದು ನಿನ್ನ ಮುಖ ನೋಡುತ್ತದೆ. ನೋಡಲಿ. ಕಾರದೆ, ನಡುಗದೆ ಇದ್ದರೆ ವಾರದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸು. ತೂಕ ನೋಡುತ್ತಿರು. ಬೆಚ್ಚಗಿಡು. ಚಿಕ್ಕಣ್ಣನ ಕೋಣೆಯಲ್ಲಿ ನಾನು ಕಳಿಸಿದ್ದ ಕಂದು ಶಾಲು ಇರಬೇಕು, ಅದನ್ನು ಹೊದಿಸು.

ಒಂದು ಮಾತು. ಅವನದೆಂದು ಉಳಿದಿರುವುದು ಇದೊಂದೇ. ಇದೂ ಹೋದರೆ ನನಗೆ ಪತ್ರ ಬರೆಯಬೇಡ.

ತಂಗಿ


ಜೂನ್ ೨೦

ತಂಗಿಗೆ,

ಆಜ್ಞೆ ಶಿರಸಾವಹಿಸಿದೆ. ಡಾಕ್ಟರು ನನ್ನನ್ನು ನೋಡಿದ ನೋಟವನ್ನು ಯಾವ ಖಳನಾಯಕನೂ ನನ್ನ ಮೇಲೆ ಪ್ರಯೋಗಿಸಿರಲಿಲ್ಲ. ಆದರೆ ಉಳಿಸಿಕೊಟ್ಟರು. ದಬ್ಬಣದಂಥ ಸೂಜಿಗಳನ್ನು ಅದು ಕಮಕ್ ಕಿಮಕ್ ಎನ್ನದೆ ತೆಗೆದುಕೊಂಡಿತು.

ತೂಕಕ್ಕೆ ಗುಜರಿ ಅಂಗಡಿಯ ತಕ್ಕಡಿಯೇ ಗತಿ. ಒಂದು ತಟ್ಟೆಯಲ್ಲಿ ಕಬ್ಬಿಣದ ಕಲ್ಲು, ಇನ್ನೊಂದರಲ್ಲಿ ಶಾಲು ಸುತ್ತಿದ ನಾಯಿ. ಗುಜರಿಯವನು ಮೂತಿ ಓರೆ ಮಾಡಿ, "ಯಜಮಾನ್ರೇ, ಇದಕ್ಕಿಂತ ನನ್ನ ರದ್ದಿ ಪೇಪರ್ ದಪ್ಪ ಇದೆ. ಬದಲಾಯಿಸ್ಕೊಳ್ತೀರಾ?" ಅಂದ. ನಗು ಬರಲಿಲ್ಲ, ಆದರೂ ನಕ್ಕೆ. ಅವನ ತಕ್ಕಡಿ ನನಗೆ ಬೇಕಲ್ಲ. ಮೊದಲ ವಾರ ಮುಳ್ಳು ಅಲ್ಲಾಡಲಿಲ್ಲ. ಈಗ ಕೂದಲೆಳೆಯಷ್ಟು ವಾಲಿದೆ.

ಆದರೆ ಈಗ ಬೇರೆಯೇ ಸಂಕಟ. ಅದು ಉಣ್ಣುತ್ತಿಲ್ಲ. ಹಸಿವಿದೆ, ಬಟ್ಟಲು ನೋಡಿದರೆ ಜೊಲ್ಲು ಸುರಿಯುತ್ತದೆ. ನಾನು ಬಾ ಎಂದೊಡನೆ ಮಂಚದಡಿ ಸೇರಿ ನಡುಗುತ್ತದೆ. ಬಾಗಿಲು ಮುಚ್ಚಿದ್ದರಂತೂ ಮುಗಿದೇ ಹೋಯಿತು, ಉಗುರಿನಿಂದ ಕೆರೆಯುತ್ತದೆ. ಅದಕ್ಕೇ ಬಾಗಿಲು ಹಗಲೆಲ್ಲ ಹಾರು ಹೊಡೆದಿರುತ್ತದೆ. ಬೀದಿಯ ಧೂಳೆಲ್ಲ ನನ್ನ ಸಿಂಹಾಸನದ ಮೇಲೆ. ತಮ್ಮ ಅದನ್ನು ಏನೆಂದು ಕರೆಯುತ್ತಿದ್ದನೆಂದು ಒಂದು ನರಪಿಳ್ಳೆಗೂ ಗೊತ್ತಿಲ್ಲ. ನಾನು ಆಡಿದ ನಾಟಕಗಳ ಸೇನಾಪತಿ, ಮಂತ್ರಿ, ಯುವರಾಜ ಎಲ್ಲರ ಹೆಸರನ್ನೂ ಕೊನೆಯ ಸಾಲಿಗೆ ಮುಟ್ಟುವಂತೆ ಕೂಗಿ ನೋಡಿದೆ. ಒಂದಕ್ಕೂ ಅದು ಕಿವಿ ಎತ್ತಲಿಲ್ಲ. ನಾನು ಹೊರಗೆ ಹೋದರೆ ಎರಡು ತುತ್ತು ತಿನ್ನುತ್ತದೆ, ಮಿಕ್ಕದ್ದು ಹಾಗೇ. ಹೀಗಾದರೆ ವಾಲಿದ ಮುಳ್ಳು ಮತ್ತೆ ವಾಪಸ್ಸು.

ಯಥಾ ರಾಜಾ ತಥಾ ಪ್ರಜಾ ಎನ್ನುತ್ತಾರೆ. ಯಥಾ ಯಜಮಾನ ತಥಾ ನಾಯಿ. ಅವನೂ ಹಾಗೇ. ನಾನು ರಂಗದ ನಟ್ಟನಡುವೆ ಮಾತಿಗಾಗಿ ಕಾದು ನಿಂತಾಗ ಪರದೆ ಮರೆಯಲ್ಲಿ ತುಟಿಗೆ ಹೊಲಿಗೆ ಹಾಕಿಕೊಂಡು ನಿಂತವನು. ಜೀವಮಾನವೆಲ್ಲ ಮಾತು ಎತ್ತಿಕೊಡುವುದೇ ಕಸುಬಾಗಿದ್ದ ಪ್ರಾಂಪ್ಟರು ಅವತ್ತೊಂದು ದಿನ ಮೂಗನಾದ. ಕಂಪನಿ ಮುಚ್ಚಿದ್ದು ಅವತ್ತಿನಿಂದಲೇ. ಇರಲಿ, ಸತ್ತವರ ಮೇಲೆ ಕತ್ತಿ ಎತ್ತುವುದಿಲ್ಲ.

ಉಪಾಯ ಹೇಳು.

ದೊಡ್ಡಣ್ಣ


ಜೂನ್ ೨೩

ಅಣ್ಣಾ,

ಕತ್ತಿ ಎತ್ತುವುದಿಲ್ಲ ಎನ್ನುತ್ತಾ ಚುಚ್ಚಿಯೂ ಬಿಟ್ಟೆ. ನಿನ್ನ ಪತ್ರವನ್ನು ಓದಿ ಕಿಸೆಯಲ್ಲಿಟ್ಟುಕೊಂಡು ಡ್ಯೂಟಿ ಮಾಡಿದೆ, ಮತ್ತೆ ಓದಿದೆ. ಇನ್ನು ಇದನ್ನು ಬಚ್ಚಿಡಲು ನನ್ನಿಂದಾಗದು.

ಆ ಕೊನೆಯ ಆಟದಲ್ಲಿ ನಾನು ಮುಂದಿನ ಸಾಲಿನಲ್ಲಿದ್ದೆ. ನೀನು ಸಿಂಹಾಸನದಿಂದ ಎದ್ದೆ, ಕೈ ಎತ್ತಿದೆ, ಮಾತು ಮರೆತೆ. 'ಬಾಗಿಲು ತೆಗೆಯಿರಿ.' ಇದ್ದದ್ದು ಅಷ್ಟೇ. ಚಿಕ್ಕಣ್ಣ ಅದನ್ನು ಎತ್ತಿಕೊಟ್ಟ. ಮತ್ತೆ ಕೊಟ್ಟ. ಇನ್ನೂ ಒಮ್ಮೆ ಕೊಟ್ಟ. ನನಗೆ ಕೇಳಿಸಿತು. ನನ್ನ ಪಕ್ಕದಲ್ಲಿದ್ದ ಮುದುಕಿಗೂ ಕೇಳಿಸಿ, ಅವಳೇ ನಿನಗೆ ಕೂಗಿ ಹೇಳುವುದರಲ್ಲಿದ್ದಳು. ಕೇಳಿಸದೆ ಹೋದದ್ದು ನಿನಗೊಬ್ಬನಿಗೆ. ನಿನ್ನ ಕಿವಿ ಮಂದವಾದದ್ದು ಈಗೀಗಲ್ಲ ಅಣ್ಣಾ.

ಪರದೆ ಬಿದ್ದ ಮೇಲೆ ನೀನು ಕಿರೀಟವನ್ನೂ ತೆಗೆಯದೆ ಎಲ್ಲರೆದುರು ಅವನನ್ನು ಮನೆಮುರುಕ ಅಂದೆ. ಅವನು ತಲೆ ತಗ್ಗಿಸಿ ನಿಂತ. ಹಿಂಬಾಗಿಲಲ್ಲಿ ನಾನು ಅವನ ತೋಳು ಹಿಡಿದು, ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅವನಂದದ್ದು ಇದು. "ರಾಜನಿಗೆ ಕಿವಿ ಹೋಗಿದೆ ಅಂತ ಗೊತ್ತಾದ್ರೆ ನಾಳೆಯಿಂದ ಯಾರೂ ಅವನಿಗೆ ಬಣ್ಣ ಹಚ್ಚಲ್ಲ ಕಣೇ. ನಂದೇನು, ನಾನು ಹೇಗೂ ಯಾರಿಗೂ ಕಾಣದೋನು." ನಿನಗೆ ಹೇಳಬಾರದೆಂದು ನನ್ನಿಂದ ಮಾತು ತಗೊಂಡ. ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನು ನಿಮ್ಮಿಬ್ಬರಿಂದಲೂ ದೂರ ಬಂದೆ. ನಿನ್ನ ಮುಖ ನೋಡಿದರೆ ಬಾಯಿ ತಪ್ಪುತ್ತಿತ್ತು.

ಇನ್ನು ನಾಯಿಯ ವಿಷಯ. ಅದು ಪ್ರಾಂಪ್ಟರನ ನಾಯಿ. ಹುಟ್ಟಿದಾಗಿನಿಂದ ಕೇಳಿದ್ದು ಪಿಸುಮಾತು. ನಿನ್ನ ಗಂಟಲು ಅದಕ್ಕೆ ಗುಡುಗು. ನೆಲದ ಮೇಲೆ ಕೂರು, ಪಕ್ಕಕ್ಕೆ ತಿರುಗಿ ಕೂರು, ಕಣ್ಣಲ್ಲಿ ಕಣ್ಣಿಡಬೇಡ. ಬಟ್ಟಲು ಇಟ್ಟು ಪಿಸುಗುಟ್ಟು. ಏನು ಬೇಕಾದರೂ ಹೇಳು, ಮೆತ್ತಗೆ ಹೇಳು.

ತಂಗಿ


ಜುಲೈ ೧೮

ತಂಗಿಗೆ,

ನಿನ್ನ ಪತ್ರ ತಲುಪಿತು. ಡ್ರೈವರು ಆಗಿನಿಂದ ಬಸ್ಸು ನಿಂತಾಗಲೆಲ್ಲ, ಉತ್ತರ ಇದೆಯಾ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದ. ಇಲ್ಲವೆಂದು ತಲೆಯಲ್ಲೇ ಹೇಳುತ್ತಿದ್ದೆ. ಈಗ ನಾಯಿಯ ಸಮಾಚಾರ ಕೇಳು.

ನೀನು ಹೇಳಿದಂತೆ ನೆಲದ ಮೇಲೆ ಕೂತೆ. ರಾಜಾಪಾರ್ಟಿನ ಮಂಡಿ, ಮಡಚಲು ಹೊತ್ತು ಹಿಡಿಯಿತು. ಪಿಸುಗುಟ್ಟಿದೆ. ಪಿಸುಗುಟ್ಟಿದೆ ಎಂದುಕೊಂಡೆ. ನನ್ನ ಕಿವಿಗೆ ನನ್ನ ಪಿಸುಮಾತು ಬೀಳುವುದಿಲ್ಲವೆಂದು ಗೊತ್ತಾದದ್ದು ಆಗ. ಸದ್ದು ಹೊರಟಿತೋ, ಬರೀ ಉಸಿರು ಹೋಯಿತೋ, ಯಾರನ್ನು ಕೇಳಲಿ? ಇಷ್ಟು ವರ್ಷ ಚಪ್ಪಾಳೆಯನ್ನು ಅಂಗಾಲಿನ ಕೆಳಗಿನ ರಂಗದ ಹಲಗೆಯ ಅದುರಿನಲ್ಲಿ ಹಿಡಿಯುತ್ತಿದ್ದವನು ನಾನು; ಇಲ್ಲಿ ಹಲಗೆಯೂ ಇಲ್ಲ. ಕತ್ತಲಲ್ಲಿ ಕಲ್ಲೆಸೆದಂತೆ ಹೇಳುತ್ತಾ ಹೋದೆ.

ಮಂಚದಡಿಯಲ್ಲಿ ಅದರ ಎಡಗಿವಿ ಇತ್ತ ತಿರುಗಿತು.

ಅಷ್ಟೇ. ಎಲೆ ಮಗುಚಿದಷ್ಟು. ಅದೇ ನನ್ನ ಗುರುತು. ಕಿವಿ ತಿರುಗಿದರೆ ಮಾತು ಹೊರಟಿದೆ, ತಿರುಗದಿದ್ದರೆ ಇಲ್ಲ. ಹೊಟ್ಟೆ ನೆಲಕ್ಕೆ ಒರೆಸುತ್ತಾ ಬಂದು ಬಟ್ಟಲಿಗೆ ಮೂತಿ ಇಟ್ಟಿತು. ಅಂದಿನಿಂದ ಹೊತ್ತುಹೊತ್ತಿಗೂ ಇದೇ ಆಟ. ಏನು ಪಿಸುಗುಟ್ಟುತ್ತೀಯೆಂದು ಕೇಳಬೇಡ. ರಾಜನ ಮಾತುಗಳು, ಮತ್ತೇನು. ಕಂಠಪಾಠವಾದದ್ದು ಅದೊಂದೇ ಅಲ್ಲವೇ.

ಇನ್ನು ಶುಭವಾರ್ತೆ. ತಕ್ಕಡಿ ಕುಣಿಯುತ್ತಿದೆ. ಈ ವಾರ ಒಂದೇ ನೆಗೆತಕ್ಕೆ ಎಷ್ಟು ಏರಿತೆಂದರೆ ಗುಜರಿಯವನು ಹೊಸ ಕಲ್ಲು ಹುಡುಕಿ ತಂದ. ಹೊಟ್ಟೆ ತಬಲದಂತೆ ಗುಂಡಗಾಗಿದೆ. ನಾನು ರಾಜನಾಗಲು ಸೊಂಟಕ್ಕೆ ದಿಂಬು ಕಟ್ಟುತ್ತಿದ್ದೆನಲ್ಲ, ಹಾಗೆ, ದಿಂಬಿಲ್ಲದೆಯೇ. ಕಾಲಿನ ಕಡ್ಡಿಗಳಿಗೂ ಮಾಂಸ ಬಂದಿದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಹಿಟ್ಟಿನ ಮುದ್ದೆಯ ಹಾಗೆ, ಆಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಸುಖದಿಂದ ಸುಸ್ತಾಗಿ ಹಗಲೆಲ್ಲ ಮಲಗಿರುತ್ತದೆ.

ಒಂದೇ ಒಂದು ಅಪ್ಪಣೆ ಮೀರಿದ್ದೇನೆ, ಬೈಯಬೇಡ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಅದು ಅವನ ಮನೆಯ ಉಪ್ಪುಂಡ ನಾಯಿ. ನನ್ನ ಮನೆಯದನ್ನೂ ಉಣ್ಣಲಿ, ನನ್ನವನಾಗಲಿ ಎಂದು ಕೋಳಿ ಬೇಯಿಸುವಾಗ ಒಂದು ಚಿಟಿಕೆ, ಎರಡು ಚಿಟಿಕೆ ಹಾಕುತ್ತಾ ಬಂದೆ.

ಬಂದು ನೋಡು. ನೀನೇ ಗುರುತು ಹಿಡಿಯಲಾರೆ.

ದೊಡ್ಡಣ್ಣ


ಜುಲೈ ೧೯

ಅಣ್ಣಾ,

ಅದು ಮಾಂಸ ಅಲ್ಲ, ನೀರು.

ನೀನು ನೋಡುತ್ತಿರುವುದು ಹಿಂದಿನ ಸಾಲಿನವನ ಕಣ್ಣಿನಿಂದ. ಅಲ್ಲಿಂದ ದಿಂಬೂ ಹೊಟ್ಟೆಯೂ ಒಂದೇ. ಬೆನ್ನಿನ ಮೇಲೆ ಕೈಯಿಡು. ಮೂಳೆ ಇನ್ನೂ ಗರಗಸದ ಹಾಗಿದೆಯಾ? ಸೊಂಟದ ಮೂಳೆಯ ಪಕ್ಕದಲ್ಲಿ ಗುಂಡಿ ಇದೆಯಾ? ಹೊಟ್ಟೆಯ ಒಂದು ಪಕ್ಕಕ್ಕೆ ತಟ್ಟಿದರೆ ಇನ್ನೊಂದು ಪಕ್ಕಕ್ಕೆ ಅಲೆ ಹೋಗುತ್ತದಾ? ಹಾಗಿದ್ದರೆ ಉಪವಾಸದಲ್ಲಿ ರಕ್ತದ ಸತ್ವವೆಲ್ಲ ಬತ್ತಿ, ನೀರನ್ನು ಹಿಡಿದಿಡಲಾಗದೆ ಮೈಯೊಳಗೆ ಸೋರುತ್ತಿದೆ. ಉಪ್ಪು ಅದಕ್ಕೆ ಇನ್ನಷ್ಟು ನೀರು ಎಳೆದಿದೆ. ಹಗಲೆಲ್ಲ ಮಲಗಿರುವುದು ಸುಖಕ್ಕಲ್ಲ. ಉಸಿರು ಎಳೆಯಲು ಜಾಗವಿಲ್ಲ.

ಈಗಲೇ ಡಾಕ್ಟರ ಹತ್ತಿರ ಹೋಗು. ಮಲಗಿಸಿ ಎತ್ತಬೇಡ, ಎದೆಯ ಕೆಳಗೆ ಕೈಕೊಟ್ಟು ಎತ್ತು. ಉಪ್ಪಿನ ಡಬ್ಬಿಯನ್ನು ಮನೆಯಿಂದ ಹೊರಗಿಡು.

ರಜೆ ಕೇಳಿದ್ದೇನೆ. ಕೊಟ್ಟರೂ ಬರುತ್ತೇನೆ, ಕೊಡದಿದ್ದರೂ ಬರುತ್ತೇನೆ. ನಾಳಿನ ಬಸ್ಸು.

ತಂಗಿ


ಆಗಸ್ಟ್ ೨

ಅಣ್ಣಾ,

ನಿನ್ನ ಮನೆಯಿಂದ ಹೊರಟು ನನ್ನೂರು ಸೇರಿದೆ. ನಿನ್ನ ಎದುರಿಗೆ ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ. ಎದುರಿಗಾದರೆ ನಾನು ಕಿರುಚಬೇಕಿತ್ತು, ಕಿರುಚಿದರೆ ಅದು ಹೆದರುತ್ತಿತ್ತು. ಅಷ್ಟು ದಿನ ಒಂದೇ ಕೋಣೆಯಲ್ಲಿದ್ದು ನಾವಿಬ್ಬರೂ ಕೈಸನ್ನೆಯಲ್ಲೇ ಕಳೆದೆವು.

ನೀರು ತೆಗೆದ ಮೇಲೆ ಗುಜರಿ ತಕ್ಕಡಿಯಲ್ಲಿ ಕೂರಿಸಿದಾಗ ನಿನ್ನ ಮುಖ ನೋಡಿದೆ. ಅಷ್ಟೂ ತೂಕ ಬಿದ್ದುಹೋಗಿ, ಮೊದಲ ದಿನದ ಕಲ್ಲಿಗೇ ಬಂದು ನಿಂತಿತ್ತು. ಗುಜರಿಯವನು ಕೂಡ ಜೋಕು ಮಾಡಲಿಲ್ಲ. ಅದನ್ನು ಸೋಲು ಅಂದುಕೊಳ್ಳಬೇಡ. ಏರಿದ್ದು ಸುಳ್ಳು, ಇಳಿದದ್ದು ನಿಜ. ಇನ್ನು ಏರುವ ಚೂರುಪಾರು ನಿಜವಾದದ್ದು.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅದರ ಎದೆ ಸವೆದಿದೆ. ಮಾತ್ರೆ ಕೊನೆಯವರೆಗೂ ಬೇಕು. ನೀರು ಮತ್ತೆ ತುಂಬಬಹುದು, ಮತ್ತೆ ತೆಗೆಸಬೇಕಾದೀತು. ಎಷ್ಟು ದಿನ ಎಂದು ಕೇಳಿದರೆ ನಮ್ಮ ಡಾಕ್ಟರು ಕಿಟಕಿ ನೋಡುತ್ತಾರೆ. ಅದು ಯಾವತ್ತೂ ದಪ್ಪಗಾಗುವುದಿಲ್ಲ. ಪಕ್ಕೆಲುಬು ಕಾಣಿಸದೆ, ಕೈಗೆ ಮಾತ್ರ ಸಿಗುವಂತಾದರೆ ಸಾಕು, ಅದೇ ನಮ್ಮ ಗೆಲುವು. ಮೊಟ್ಟೆ, ಕೋಳಿ, ಡಬ್ಬಿ ಊಟ, ಚಿಕ್ಕ ತುತ್ತು. ವಾರಕ್ಕೊಮ್ಮೆ ತಕ್ಕಡಿ. ದಿನಾ ಬೆನ್ನಿನ ಮೇಲೆ ಕೈ, ಕಾಲ ಮೇಲೆ ಬೆರಳು. ಗುಳಿ ಬಿದ್ದರೆ ನನಗೆ ಕಾಯದೆ ಡಾಕ್ಟರ ಬಳಿ ಓಡು.

ಇನ್ನೊಂದು. ನಾನು ಹೊರಡುವ ಬೆಳಿಗ್ಗೆ ಬಾಗಿಲ ಹೊರಗೆ ಚೀಲ ಕಟ್ಟುತ್ತಿದ್ದೆ. ನೀನು ಬಟ್ಟಲು ಇಟ್ಟು ಅದರ ಪಕ್ಕ ಕೂತಿದ್ದೆ. ನಾನಿದ್ದಾಗಲೆಲ್ಲ ನೀನು ಬಾಯಿಗೆ ಟವೆಲು ಅಡ್ಡ ಹಿಡಿದೇ ಪಿಸುಗುಟ್ಟುತ್ತಿದ್ದೆ. ಅವತ್ತು ನಾನು ಹೊರಟೆನೆಂದುಕೊಂಡಿದ್ದೆಯೇನೋ. ನಿನಗೆ ನಿನ್ನ ದನಿ ಕೇಳಿಸುವುದಿಲ್ಲ, ಅಣ್ಣಾ. ನನಗೆ ಕೇಳಿಸುತ್ತದೆ.

ಅದು ರಾಜನ ಮಾತಾಗಿರಲಿಲ್ಲ. ನೀನು ನಾಯಿಗೆ ಹೇಳುತ್ತಿದ್ದೆ, "ಕೇಳಿಸ್ತಿಲ್ಲ ತಮ್ಮಾ. ಇನ್ನೊಂಚೂರು ಗಟ್ಟಿಯಾಗಿ ಹೇಳೋ."

ಒಂದೇ ಸಲವಲ್ಲ. ಅದು ಉಂಡು ಮುಗಿಸುವವರೆಗೂ.

ನಾನು ಒಳಗೆ ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು ಎಂದು ಬರೆಯಬಹುದು, ಆದರೆ ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು.

ಪತ್ರ ಬರೆಯಬೇಡ ಎಂದು ಹಿಂದೊಮ್ಮೆ ಬರೆದಿದ್ದೆ. ನಾಯಿ ಇದ್ದರೂ ಬರೆ. ಇಲ್ಲದಿದ್ದರೂ ಬರೆ.

ನಿನ್ನ ತಂಗಿ


ಆಗಸ್ಟ್ ೧೧

ತಂಗಿ,

ತೂಕ ಕಳೆದ ವಾರದಷ್ಟೇ ಇದೆ. ಇಳಿದಿಲ್ಲ. ಕಾಲಿನಲ್ಲಿ ಗುಳಿ ಇಲ್ಲ. ಬೆನ್ನಿನ ಮೂಳೆ ಹಾಗೇ ಇದೆ, ಆದರೆ ಅದರ ಎರಡು ಪಕ್ಕ ಬೆರಳಿಗೆ ಏನೋ ಸ್ವಲ್ಪ ಮೆತ್ತಗೆ ಸಿಕ್ಕಿತು. ಇದೆಯೋ, ನನ್ನ ಆಸೆಯೋ, ಗೊತ್ತಿಲ್ಲ. ನೀನು ಬಂದಾಗ ಮುಟ್ಟಿ ನೋಡು.

ಮಾತ್ರೆಯನ್ನು ಮೊಟ್ಟೆಯಲ್ಲಿ ಅಡಗಿಸಿ ಕೊಡುತ್ತೇನೆ. ಬಾಗಿಲು ತೆರೆದೇ ಇಟ್ಟಿರುತ್ತೇನೆ.

ನಿನ್ನ ಪತ್ರಕ್ಕೆ ಏನು ಬರೆಯಲಿ? ಬರೆಯಲು ಕೂತೆ. ಎತ್ತಿಕೊಡುವವರು ಯಾರೂ ಇಲ್ಲ.

ಇವತ್ತು ಬೆಳಿಗ್ಗೆ ಬಟ್ಟಲು ಇಟ್ಟು, ಆ ಕೊನೆಯ ಆಟದಲ್ಲಿ ನಾನು ಮರೆತ ಮಾತನ್ನು ಹೇಳಿದೆ. ರಾಜನ ಹಾಗಲ್ಲ, ಅವನ ಹಾಗೆ. ದನಿ ಬಂತೋ, ಬರೀ ತುಟಿ ಆಡಿತೋ, ನನಗೆ ತಿಳಿಯದು. ಕಾದೆ. ಬಹಳ ಹೊತ್ತಿನ ಮೇಲೆ ಅದರ ಎಡಗಿವಿ ಇತ್ತ ತಿರುಗಿತು.

ಆಮೇಲೆ ಉಂಡಿತು.

ನಿನ್ನ ಅಣ್ಣ